ಸಾಲ ಕಳೆದರೆ ಏನಾಗುತ್ತದೆ, ಮಗಳೇ?

ಸಿಂಧನೂರು

ಪ್ರೀತಿಯ ಮಗಳಿಗೆ,

ಅಪ್ಪನ ಆಶೀರ್ವಾದಗಳು. ನಾವೆಲ್ಲ ಇಲ್ಲಿ ಆರಾಮ. ನೀನೂ ಹಾಸ್ಟೆಲಿನಲ್ಲಿ ಆರಾಮ ಇರುವೆ ಅಂದುಕೊಂಡಿದ್ದೇನೆ.

ನಿನ್ನ ಗಣಿತದ ಉತ್ತರಪತ್ರಿಕೆಯ ಫೋಟೊ ಬಂತು. ಪೂರ್ಣಾಂಕದ ಲೆಕ್ಕಗಳಲ್ಲಿ ಮಾರ್ಕ್ಸ್ ಹೋಯಿತು ಅಂತ ಅಳಬೇಡ. ಒಂದೊಂದೇ ಲೆಕ್ಕ ನೋಡಿದೆ. ಕಳೆಯುವ ಲೆಕ್ಕ ಎಲ್ಲದರಲ್ಲೂ ಇರುವುದು ಒಂದೇ ತಪ್ಪು. ‘ಮೈನಸ್ ಮೈನಸ್ ಪ್ಲಸ್’ ಅನ್ನುವ ಮಾತನ್ನು ಬಾಯಿಪಾಠ ಮಾಡಿಕೊಂಡು, ಎರಡು ಮೈನಸ್ ಕಂಡಲ್ಲೆಲ್ಲ ಹಚ್ಚಿದ್ದೀಯ. −3 − 5 ಎಷ್ಟು ಅಂದರೆ 8 ಅಂತ ಬರೆದಿದ್ದೀಯ. ಇದನ್ನು ಫೋನಿನಲ್ಲಿ ಹೇಳಿದರೆ ತಲೆಗೆ ಹೋಗುವುದಿಲ್ಲ. ಅಂಕಿ ಕಣ್ಣೆದುರಿಗೆ ಇರಬೇಕು. ಅದಕ್ಕೇ ಪತ್ರ.

ನಾನು ಲೆಕ್ಕ ಬರೆಯುವ ದಲಾಲಿ ಅಂಗಡಿಗೆ ನೀನು ಎಷ್ಟೋ ಸಲ ಬಂದಿದ್ದೀಯ. ಅಲ್ಲಿನ ಖಾತೆ ಪುಸ್ತಕದ ಒಂದು ಹಾಳೆಯನ್ನೇ ನೋಡೋಣ. ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಿಟ್ಟರು. ರೈತರೊಬ್ಬರು ಬಂದು 8000 ರೂಪಾಯಿಯ ಗೊಬ್ಬರ ಉದ್ರಿ ಒಯ್ದರು. ಅವರ ಖಾತೆ ಈಗ −8000. ಸುಗ್ಗಿಯಲ್ಲಿ ಒಂದಿಷ್ಟು ಭತ್ತ ತಂದು ಹಾಕಿದರು, 5000 ಜಮಾ ಆಯಿತು. −8000 + 5000 = −3000. ಸಾಲ ಪೂರ್ತಿ ತೀರಲಿಲ್ಲ, ಇನ್ನೂ 3000 ಬಾಕಿ.

ಇದರ ಮೇಲೆ ಬಡ್ಡಿ 2000 ಬಿತ್ತು ಅಂತ ಇಟ್ಟುಕೋ. −3000 − 2000. ಇಲ್ಲಿ ಎರಡು ಮೈನಸ್ ಇವೆ, ಹೌದು. ಆದರೆ ಸಾಲದ ಮೇಲೆ ಸಾಲ ಬಿದ್ದರೆ ಅವರ ಕೈಗೆ ದುಡ್ಡು ಬರುತ್ತದಾ? ಬಾಕಿ ಬೆಳೆಯುತ್ತದೆ, −5000 ಆಗುತ್ತದೆ. ನಿನ್ನ −3 − 5 ಕೂಡ ಇದೇ ಲೆಕ್ಕ. ಉತ್ತರ −8.

ಈಗ ನಿಜವಾದ ‘ಮೈನಸ್ ಮೈನಸ್’ ಎಲ್ಲಿ ಬರುತ್ತದೆ ನೋಡು. ಬೆಳೆಗೆ ರೋಗ ಬಿದ್ದಿತ್ತು ಅಂತ ಸಾಹುಕಾರರು ಆ 2000 ಬಡ್ಡಿ ಬಿಟ್ಟರು. ಖಾತೆಯಿಂದ ಒಂದು ಸಾಲವನ್ನೇ ತೆಗೆದರು. ಅಂದರೆ −5000 − (−2000). ರೈತರ ಕೈಗೆ ಯಾರೂ ಒಂದು ರೂಪಾಯಿ ಕೊಡಲಿಲ್ಲ. ಆದರೂ ಅವರ ಖಾತೆ −5000ದಿಂದ −3000ಕ್ಕೆ ಏರಿತು. ಅವರು 2000 ತಂದು ಕಟ್ಟಿದ್ದರೂ ಇಷ್ಟೇ ಆಗುತ್ತಿತ್ತು, ಅಲ್ವಾ? ಅದಕ್ಕೇ − (−2000) ಇದ್ದಲ್ಲಿ + 2000 ಅಂತ ಬರೆಯಬಹುದು. ಕೂಡಿಸುವ, ಕಳೆಯುವ ಲೆಕ್ಕದಲ್ಲಿ ಒಂದೇ ಅಂಕಿಯ ಮುಂದೆ ಎರಡು ಮೈನಸ್ ಒಟ್ಟಿಗೆ ಕೂತಾಗ ಮಾತ್ರ ಈ ಮಾತು. ಹೊರಗಿನದು ‘ತೆಗೆ’ ಅನ್ನುತ್ತದೆ, ಒಳಗಿನದು ‘ಇದು ಸಾಲ’ ಅನ್ನುತ್ತದೆ.

ಇನ್ನೂ ಒಂದಿದೆ. ಭತ್ತದಲ್ಲಿ ಹಸಿ ಜಾಸ್ತಿ ಇತ್ತು ಅಂತ, ಜಮಾ ಮಾಡಿದ್ದರಲ್ಲಿ 500 ಕಡಿತ ಮಾಡಿದರು ಅನ್ನು. −3000 − (+500) = −3500. ಜಮಾ ತೆಗೆದರೂ ಅಷ್ಟೇ, ಹೊಸ ಉದ್ರಿ ಬರೆದರೂ ಅಷ್ಟೇ. ಹಾಗಾಗಿ ಕಳೆಯುವ ಲೆಕ್ಕ ಯಾವುದೇ ಬರಲಿ, ಕಳೆಯಬೇಕಾದ ಸಂಖ್ಯೆಯ ಚಿಹ್ನೆ ಬದಲಿಸಿ ಕೂಡಿಸಿಬಿಡು. ಮೊದಲನೇ ಸಂಖ್ಯೆಯನ್ನು ಮಾತ್ರ ಮುಟ್ಟಬೇಡ.

ಈ ನಿಯಮ ಮೊನ್ನೆ ಮೊನ್ನೆ ಹುಟ್ಟಿದ್ದಲ್ಲ. ಕ್ರಿ.ಶ. 628ರಲ್ಲೇ ಗಣಿತಜ್ಞ ಬ್ರಹ್ಮಗುಪ್ತ ಧನ (ಪ್ಲಸ್), ಋಣ (ಮೈನಸ್), ಸೊನ್ನೆ ಮೂರಕ್ಕೂ ನಿಯಮ ಬರೆದ. ಸುಮಾರು 850ರ ಹೊತ್ತಿಗೆ ಮಹಾವೀರಾಚಾರ್ಯ ಅನ್ನುವ ಗಣಿತಜ್ಞ ತನ್ನ ‘ಗಣಿತಸಾರಸಂಗ್ರಹ’ ಗ್ರಂಥದಲ್ಲಿ, ಕಳೆಯಬೇಕಾದ ಧನ ಋಣವಾಗುತ್ತದೆ, ಕಳೆಯಬೇಕಾದ ಋಣ ಧನವಾಗುತ್ತದೆ ಅಂತ ಸ್ಪಷ್ಟವಾಗಿ ಹೇಳಿದ. ಅದು ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲ. ಅವನ ರಾಜಧಾನಿ ಮಾನ್ಯಖೇಟವೇ ಈಗಿನ ಮಳಖೇಡ, ನಮ್ಮ ಪಕ್ಕದ ಕಲಬುರಗಿ ಕಡೆಯ ಊರು. ನನಗಂತೂ ಇದು ಬಹಳ ಹೆಮ್ಮೆ. ಅಷ್ಟಾದ ಮೇಲೆ, 1758ರಲ್ಲಿ ಇಂಗ್ಲೆಂಡಿನ ಫ್ರಾನ್ಸಿಸ್ ಮಸೇರ್ಸ್ ಅನ್ನುವ ಗಣಿತಜ್ಞ ಸೊನ್ನೆಗಿಂತ ಕಡಿಮೆಯ ಸಂಖ್ಯೆಗಳನ್ನು ಒಪ್ಪಲಾರೆ ಅಂತ ಒಂದು ಪುಸ್ತಕವನ್ನೇ ಬರೆದ. ಅಂಥವರಿಗೂ ಕಷ್ಟವಾಗಿದ್ದು ನಿನಗೆ ಒಂದು ಪರೀಕ್ಷೆಯಲ್ಲಿ ಕಷ್ಟವಾದರೆ ನೀನು ದಡ್ಡಿಯಲ್ಲ, ಮಗಳೇ.

ದೊಡ್ಡದು ಯಾವುದು ಅನ್ನುವ ಪ್ರಶ್ನೆಯಲ್ಲೂ ಎಡವಿದ್ದೀಯ. −5ಕ್ಕಿಂತ −3 ದೊಡ್ಡದು. 5000 ಬಾಕಿ ಇದ್ದವರಿಗಿಂತ 3000 ಬಾಕಿ ಇದ್ದವರು ಮೇಲು. ಸಂಖ್ಯಾರೇಖೆ ಗೀಚಿ ನೋಡು, ಬಲಕ್ಕೆ ಇದ್ದದ್ದು ಯಾವಾಗಲೂ ದೊಡ್ಡದು.

ಉತ್ತರ ಸರಿಯೋ ಇಲ್ಲವೋ ಅಂತ ಯಾರನ್ನೂ ಕೇಳಬೇಕಿಲ್ಲ. ಕಳೆದದ್ದನ್ನು ಉತ್ತರಕ್ಕೆ ತಿರುಗಿ ಕೂಡಿಸು, ಮೊದಲಿನ ಸಂಖ್ಯೆ ಬರಬೇಕು. −5 − (−2) = −3 ಅಂದೆ. −3ಕ್ಕೆ −2 ಕೂಡಿಸಿದರೆ −5 ಬಂತು. ಸರಿ ಇದೆ. ದಿನದ ಲೆಕ್ಕ ಮುಗಿಸಿ ಎದ್ದೇಳುವ ಮುಂಚೆ ನಾನೂ ಹೀಗೇ ತಾಳೆ ನೋಡುವುದು.

ಈ ನಾಲ್ಕು ಬಿಡಿಸು: −7 + 4, −7 − 4, −7 − (−4), 7 − (−4). ಇದರಲ್ಲಿ ಎರಡರ ಉತ್ತರ ಒಂದೇ ಬರುತ್ತದೆ. ಯಾವ ಎರಡು, ಯಾಕೆ ಅಂತ ಭಾನುವಾರ ಫೋನ್ ಮಾಡಿದಾಗ ಹೇಳು. ಉತ್ತರಕ್ಕಿಂತ ಆ ‘ಯಾಕೆ’ ನನಗೆ ಮುಖ್ಯ. ಊಟ ಬಿಡಬೇಡ.

ಇತಿ,
ನಿನ್ನ ಅಪ್ಪ