ಸಾವಿನ ದಿನಾಂಕವೇ ತೆರಿಗೆ ಬರೆಯುತ್ತದೆ

ಸಂಪಾದಕರೇ,

ಪಿತ್ರಾರ್ಜಿತ ಆಸ್ತಿ ತೆರಿಗೆ ಮತ್ತೆ ಬರಬೇಕೇ ಎಂಬ ಮಾತು ಎದ್ದಾಗಲೆಲ್ಲ ಚರ್ಚೆ ಶೇಕಡಾ ಎಷ್ಟು ಎಂಬಲ್ಲಿಗೇ ನಿಂತುಬಿಡುತ್ತದೆ. ದರಕ್ಕಿಂತ ಹೆಚ್ಚಾಗಿ ಮನೆತನಗಳನ್ನು ಮುಳುಗಿಸುವುದು ದಿನಾಂಕ. ಇಂಗ್ಲೆಂಡಿನ ಹತ್ತನೇ ಡೆವನ್‌ಶೈರ್ ಡ್ಯೂಕ್ ಎಡ್ವರ್ಡ್ ಕ್ಯಾವೆಂಡಿಶ್ ಸಾವನ್ನೇ ನೋಡಿ.

ಆಸ್ತಿಯ ಬಹುಪಾಲನ್ನು ಅವರು 1946ರಲ್ಲೇ ಮಗನ ಕಡೆಗೆ ದಾಟಿಸಿದ್ದರು. ದಾನ ಕೊಟ್ಟವರು ಐದು ವರ್ಷ ಬದುಕಿದ್ದರೆ ತೆರಿಗೆಯಿಲ್ಲ ಎಂಬುದು ಅಂದಿನ ನಿಯಮ. ಆ ಗಡುವಿಗೆ ಕೆಲವೇ ವಾರ ಬಾಕಿ ಇರುವಾಗ, 1950ರ ನವೆಂಬರ್ 26ರಂದು, 55ನೇ ವಯಸ್ಸಿನಲ್ಲಿ ಈಸ್ಟ್‌ಬೋರ್ನ್‌ನಲ್ಲಿ ತೀರಿಕೊಂಡರು. ಇಡೀ ಆಸ್ತಿಯ ಮೇಲೆ ಶೇ 80 ತೆರಿಗೆ ಬಿತ್ತು. ಜಮೀನು ಮಾರಾಟವಾಯಿತು, ಹಾರ್ಡ್‌ವಿಕ್ ಹಾಲ್ ಎಂಬ ಅರಮನೆಯೂ ಅಮೂಲ್ಯ ಕಲಾಕೃತಿಗಳೂ ಸರ್ಕಾರದ ಪಾಲಾದವು. ಲೆಕ್ಕ ಇತ್ಯರ್ಥವಾಗಲು 1967ರವರೆಗೂ ಕಾಯಬೇಕಾಯಿತು.

ಕೊನೆಗಳಿಗೆಯಲ್ಲಿ ಪಕ್ಕದಲ್ಲಿದ್ದವರು ಡಾ. ಜಾನ್ ಬಾಡ್ಕಿನ್ ಆಡಮ್ಸ್. ಮುಂದೆ ಹಲವು ರೋಗಿಗಳ ಸಾವಿನ ಬಗ್ಗೆ ಶಂಕೆಗೆ ಗುರಿಯಾದ ಇವರು, ಬೇರೊಬ್ಬ ರೋಗಿಯ ಕೊಲೆ ಮೊಕದ್ದಮೆಯಲ್ಲಿ 1957ರಲ್ಲಿ ಖುಲಾಸೆಯಾದರು. ಡ್ಯೂಕ್ ಸಾವಿನಲ್ಲಿ ಅವರ ಮೇಲೆ ಆರೋಪ ಹೊರಿಸಲಿಲ್ಲ. ಆದರೆ ಅದಕ್ಕೆ ಹಿಂದಿನ 14 ದಿನ ಯಾವ ವೈದ್ಯರೂ ಡ್ಯೂಕ್‌ರನ್ನು ನೋಡಿರಲಿಲ್ಲ, ಹಾಗಾಗಿ ಸಾವು ತನಿಖಾಧಿಕಾರಿಗೆ ವರದಿಯಾಗಬೇಕಿತ್ತು. ಸಾಯುವಾಗ ತಾನು ಹಾಜರಿದ್ದೆ ಎಂಬ ಆಧಾರದ ಮೇಲೆ ಆಡಮ್ಸ್ ಸಹಜ ಸಾವೆಂದು ಬರೆದುಕೊಟ್ಟರು. ವಿಚಾರಣೆಯ ದಾರಿ ಅಲ್ಲಿಗೇ ಮುಚ್ಚಿತು.

ನಮ್ಮಲ್ಲೂ 1953ರಿಂದ 1985ರವರೆಗೆ ಎಸ್ಟೇಟ್ ಡ್ಯೂಟಿ ಎಂಬ ಇಂಥದೇ ತೆರಿಗೆ ಇತ್ತು. ಕೊಡಗಿನಲ್ಲಿ ಎಸ್ಟೇಟ್ ಎಂದರೆ ಕಾಫಿ ತೋಟ, ಆ ಕಾಯ್ದೆಯಲ್ಲಿ ಸತ್ತವರು ಬಿಟ್ಟುಹೋದದ್ದೆಲ್ಲ. ಮೇಲಿನ ಹಂತದ ದರ ಶೇ 85, ದಾನದ ಗಡುವು ಎರಡು ವರ್ಷ. ಇಂದು ಆ ತೆರಿಗೆ ಇಲ್ಲ, ದಿನಾಂಕದ ತೂಕ ಇದೆ. ಏಪ್ರಿಲ್ 1ರಿಂದ ಸಾವಿನ ದಿನದವರೆಗಿನ ಆದಾಯದ ವಿವರವನ್ನು ಸತ್ತವರ ಹೆಸರಲ್ಲಿ ವಾರಸುದಾರರೇ ಸಲ್ಲಿಸಬೇಕು, ಆಮೇಲಿನದು ಅವರವರದೇ. ತಾನೇ ಬೆಳೆದು ಕ್ಯೂರಿಂಗ್ ಮಾಡಿ (ಸಿಪ್ಪೆ ಬಿಡಿಸಿ ಬೀಜ ಹಸನು ಮಾಡಿ) ಮಾರಿದ ಕಾಫಿಯ ಆದಾಯದಲ್ಲಿ ಶೇ 25 ಆದಾಯ ತೆರಿಗೆಗೆ ಬರುವುದರಿಂದ, ರೊಬಸ್ಟಾ ಕುಯ್ಲಿನ ಹೊತ್ತಿಗೆ ಯಜಮಾನರು ತೀರಿಕೊಂಡರೆ ಯಾವ ಮೂಟೆ ಯಾವತ್ತು ಮಾರಾಟವಾಯಿತು ಎಂಬ ಬಿಲ್ಲುಗಳನ್ನು ಜೋಪಾನ ಮಾಡಬೇಕು. ಸತ್ತವರ ತೆರಿಗೆ ಬಾಕಿಗೆ ವಾರಸುದಾರರ ಹೊಣೆ ಬಂದ ಆಸ್ತಿಯ ಬೆಲೆಯಷ್ಟಕ್ಕೇ ಸೀಮಿತ.

ಸಾವಿನಲ್ಲಿ ಅನುಮಾನವಿದ್ದರೆ ನಮ್ಮ ಕಡೆ ಆಗುವ ದೊಡ್ಡ ತಪ್ಪು ಅವಸರ. ಕೊಡಗಿನಲ್ಲಿ ಸಾವನ್ನು ಸಾರುವ ಜೋಡಿ ಗುಂಡು ಹಾರಿ ಊರು ಸೇರಿದ ಮೇಲೆ ತಡೆಯಲು ಯಾರಿಗೂ ಬಾಯಿ ಬರುವುದಿಲ್ಲ. ಹೂಳಿದ ಶವವನ್ನು ಮ್ಯಾಜಿಸ್ಟ್ರೇಟರ ಆದೇಶದ ಮೇಲೆ ಹೊರತೆಗೆಯಬಹುದು, ಸುಟ್ಟ ಮೇಲೆ ಏನೂ ಉಳಿಯದು. ಆದ್ದರಿಂದ ಮೊದಲು ಠಾಣೆಗೆ ತಿಳಿಸಿ ಅಸಹಜ ಸಾವು ಪ್ರಕರಣ ದಾಖಲಿಸಿ, ಶವ ಮಹಜರು, ಮರಣೋತ್ತರ ಪರೀಕ್ಷೆ ಆಗಲಿ. ವಿಷದ ಶಂಕೆ ಇದ್ದರೆ ಒಳಾಂಗದ ಮಾದರಿ ಪ್ರಯೋಗಾಲಯಕ್ಕೆ ಹೋಗಲೇಬೇಕು. ಉಯಿಲಿನಲ್ಲಿ ಪಾಲಿರುವ ವೈದ್ಯರಿಂದ ಕಾರಣಪತ್ರ ಬರೆಸಬೇಡಿ. ಸಾವಿನ ನೋಂದಣಿ 21 ದಿನದೊಳಗೆ ಆಗಲಿ, ಸತ್ತವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡುವ ಪೌತಿ ಖಾತೆಗೆ ಅದೇ ಆಧಾರ. ಕೊಂದವನಿಗೆ ಸತ್ತವರ ಆಸ್ತಿ ಹೋಗದಂತೆ ಹಿಂದೂ ಉತ್ತರಾಧಿಕಾರ ಕಾಯ್ದೆ ತಡೆದಿದೆ. ಆದರೆ ಪುರಾವೆ ಬೂದಿಯಾದರೆ ಆ ಕಲಂ ಯಾರ ಕೈಗೂ ಬಾರದು.

ತೆರಿಗೆ ಮತ್ತೆ ತರುವುದಾದರೆ ಗಡುವು ಒಂದೇ ಏಟಿಗೆ ಕಡಿಯುವಂತಿರಬಾರದು. ಇಂಗ್ಲೆಂಡಿನಲ್ಲಿ ಈಗ ಗಡುವು ಏಳು ವರ್ಷ. ದಾನ ಕೊಟ್ಟು ಮೂರು ವರ್ಷ ದಾಟಿದ ಮೇಲೆ ಶೇ 40ರ ದರ 32, 24, 16, 8 ಎಂದು ವರ್ಷವರ್ಷ ಇಳಿಯುತ್ತದೆ. ಶಂಕಾಸ್ಪದ ಸಾವಿನಲ್ಲಿ ತನಿಖೆ ಮುಗಿಯುವವರೆಗೆ ಬಡ್ಡಿ ಓಡಬಾರದು ಎಂಬುದನ್ನೂ ಮಸೂದೆಯಲ್ಲೇ ಬರೆಯಬೇಕು.

– ಓದುಗ, ವಿರಾಜಪೇಟೆ