ಭಾನುವಾರ ಉದ್ಯೋಗದ ಮಾತುಕತೆ: ಭೂವಿಜ್ಞಾನದವರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ.

ಎಂ.ಎಸ್ಸಿ. ಅಂತಿಮ ವರ್ಷದವರೆಲ್ಲ ಈ ಭಾನುವಾರ ಬೆಳಿಗ್ಗೆ 8ಕ್ಕೆ ಬಳ್ಳಾರಿ ಕೋಟೆ ಗುಡ್ಡದ ಬುಡದಲ್ಲಿ ಸೇರೋಣ. ನಮಗೆ ಕೆಲಸವೆಂದರೆ ಸಂಡೂರಿನ ಕಬ್ಬಿಣದ ಅದಿರು, ಹಟ್ಟಿಯ ಚಿನ್ನ ಅಷ್ಟೇ ಎಂದುಕೊಂಡವರು ತಪ್ಪದೆ ಬನ್ನಿ. ಯುಪಿಎಸ್‌ಸಿಯ ಸಂಯುಕ್ತ ಭೂವಿಜ್ಞಾನಿ ಪರೀಕ್ಷೆ ಬರೆದರೆ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ಜೊತೆಗೆ ಕೇಂದ್ರ ಅಂತರ್ಜಲ ಮಂಡಳಿಯ ಬಾಗಿಲೂ ತೆರೆಯುತ್ತದೆ. ಅದರ ಪೂರ್ವಭಾವಿ ಪರೀಕ್ಷೆಯಲ್ಲಿ ಸಾಮಾನ್ಯ ಅಧ್ಯಯನಕ್ಕೆ 100 ಅಂಕ, ಭೂವಿಜ್ಞಾನಕ್ಕೆ 300. ಓದುವ ಹೊತ್ತನ್ನು ಅದಕ್ಕೆ ತಕ್ಕಂತೆ ಹಂಚಿಕೊಳ್ಳಿ. ನಕ್ಷೆ ಓದಲು, ಜಿಐಎಸ್ (ಕಂಪ್ಯೂಟರ್‌ನಲ್ಲಿ ನಕ್ಷೆ, ಸ್ಥಳದ ಮಾಹಿತಿ ಜೋಡಿಸುವ ವ್ಯವಸ್ಥೆ) ಬಳಸಲು, ಕಂಡದ್ದನ್ನು ಸ್ಪಷ್ಟವಾಗಿ ವರದಿ ಬರೆಯಲು ಬಾರದಿದ್ದರೆ ಬರಿಯ ಅಂಕಪಟ್ಟಿ ಸಾಲದು.

ಟಿಪ್ಪಣಿ ಪುಸ್ತಕ, ದಿಕ್ಸೂಚಿ, ನೀರು ತನ್ನಿ. ಸುತ್ತಿಗೆ ಬೇಡ; ಕೋಟೆಯ ಬಂಡೆಯನ್ನು ನೋಡಬೇಕು, ಒಡೆಯಬಾರದು!

ರಾಯಚೂರು, ಕೊಪ್ಪಳದಿಂದ ಬರುವವರು ಶುಕ್ರವಾರ ಸಂಜೆಯೊಳಗೆ ಇಲ್ಲಿಯೇ ಹೆಸರು ತಿಳಿಸಿ. ಬರೀ ಹೆಬ್ಬೆರಳಿನ ಇಮೋಜಿ ಹಾಕಿದರೆ ಲೆಕ್ಕಕ್ಕಿಲ್ಲ.