ಮುರಿದದ್ದನ್ನು ಒಲೆಗೆ ಹಾಕುವ ಮೊದಲು

ಬಾದಾಮಿ

ಪ್ರೀತಿಯ ಅಳಿಯನಿಗೆ ಸೋದರಮಾವನ ಆಶೀರ್ವಾದಗಳು.

ನೀನು ಕಳಿಸಿದ ಫೋಟೋ ನೋಡಿದೆ. ಒಂದು ಗೋಣಿಚೀಲದ ತುಂಬ ಕಡೆದ ಮರದ ಸಾಮಾನು: ಸೀಳಿದ ಬಟ್ಟಲು, ಮುರಿದ ಲಟ್ಟಣಿಗೆ, ತಳ ತೂತಾದ ಡಬ್ಬಿ. ಕೆಳಗೆ “ಎಲ್ಲಾ ಒಲೆಗೆ ಹಾಕಿಬಿಡಲಾ ಮಾವಾ?” ಅಂತ ಕೇಳಿದ್ದೀಯ. ಅರ್ಧ ಹಾಕು. ಯಾವ ಅರ್ಧ ಅನ್ನೋದನ್ನು ಹೇಳುವುದಕ್ಕೇ ಈ ಪತ್ರ. ಫೋನಿನಲ್ಲಿ ಹೇಳಿದರೆ ಹೂಂ ಹೂಂ ಅಂದು ಮರೆತುಬಿಡುತ್ತೀಯ.

ನೀನು ಬೆಳಗಾವಿಯ ಉದ್ಯಮಬಾಗದ ಕಾರ್ಖಾನೆಯಲ್ಲಿ ದಿನವಿಡೀ ಕಬ್ಬಿಣ ಕಡೆಯುವ ಲೇಥ್ ಯಂತ್ರದ ಮುಂದೆ ನಿಲ್ಲುವವನು. ಅಳತೆ, ಕೈಹಿಡಿತ ನಿನಗೆ ಯಾರೂ ಕಲಿಸಬೇಕಾಗಿಲ್ಲ. ಆದರೆ ಕಬ್ಬಿಣಕ್ಕೆ ಎಳೆ ಇಲ್ಲ, ಮರಕ್ಕೆ ಇದೆ. ಕಡೆದಿಟ್ಟ ಮೇಲೂ ಮರ ಸುಮ್ನೆ ಕೂರುವುದಿಲ್ಲ. ಒಣಗುವಾಗ ಬೆಳವಣಿಗೆಯ ಉಂಗುರ ಸುತ್ತುವ ದಿಕ್ಕಿಗೆ ಜಾಸ್ತಿ ಕುಗ್ಗುತ್ತದೆ. ತಿರುಳಿನಿಂದ ತೊಗಟೆಯ ಕಡೆಗೆ ಸುಮಾರು ಅದರ ಅರ್ಧ ಕುಗ್ಗುತ್ತದೆ. ಉದ್ದಕ್ಕೆ ಕುಗ್ಗುವುದು ಲೆಕ್ಕಕ್ಕೇ ಬರುವುದಿಲ್ಲ. ದುಂಡು ಕೊರಡು ತಿರುಳಿನಿಂದ ಹೊರಕ್ಕೆ ಸೀಳುವುದು ಇದಕ್ಕೇ. ಖಾನಾಪುರ, ದಾಂಡೇಲಿ ಕಡೆಯ ಹಸಿ ಮರ ತಂದು ಏಪ್ರಿಲ್ ತಿಂಗಳಲ್ಲಿ ನಮ್ಮೂರಿನ ಅಂಗಳದಲ್ಲಿಟ್ಟರೆ ನಿನ್ನ ಕಣ್ಣೆದುರೇ ಬಾಯಿ ಬಿಡುತ್ತದೆ. ಇಲ್ಲಿ ಒಣಗಿದ್ದನ್ನು ನಿಮ್ಮ ಬೆಳಗಾವಿಯ ಜುಲೈ ಮಳೆಗೆ ಒಯ್ದರೆ ಮತ್ತೆ ಉಬ್ಬುತ್ತದೆ.

ಹಾಗಾಗಿ ಮುರಿದ ತುಂಡು ಕೈಗೆ ಬಂದ ಕೂಡಲೇ ಇದರಿಂದ ಏನು ಮಾಡಲಿ ಅಂತ ಯೋಚಿಸಬೇಡ. ಯಾಕೆ ಮುರಿಯಿತು ಅಂತ ಮೊದಲು ನೋಡು. ಚಾಣ ಸಿಕ್ಕಿಹಾಕಿಕೊಂಡು ಅಂಚು ಹಾರಿತೋ, ಆಳದ ಅಂದಾಜು ತಪ್ಪಿ ತಳ ತೂತಾಯಿತೋ, ಮರವನ್ನು ಕಚ್ಚಿ ತಿರುಗಿಸುವ ಚಕ್ ಹಿಡಿಯುವ ಗುಬುಟು ಕಿತ್ತು ಬಂತೋ, ಇವೆಲ್ಲ ಕೈಯ ತಪ್ಪು. ಮರ ಗಟ್ಟಿಯಾಗೇ ಇದೆ, ಅದನ್ನು ಬಿಡಬೇಡ. ತಿರುಳಿನಿಂದ ಹೊರಟ ಸೀಳು, ಸಡಿಲ ಗಂಟು, ಹುಳ ತಿಂದು ಟೊಳ್ಳಾದದ್ದು, ಇವು ಮರದ ತಪ್ಪು. ಕಾರಣ ಇನ್ನೂ ಒಳಗೇ ಕೂತಿರುವಾಗ ಮೇಲೆ ಅಂಟು ಬಳಿದು ಏನು ಬಂತು? ಎರಡನೇ ಸಲವೂ ಅಲ್ಲೇ ಒಡೆಯುತ್ತದೆ.

ಸೀಳು ನಿಂತಿದೆಯೋ ಇನ್ನೂ ಬೆಳೆಯುತ್ತಿದೆಯೋ ತಿಳಿಯದಿದ್ದರೆ ಸೀಳಿನ ಎರಡೂ ತುದಿಗೆ ಪೆನ್ಸಿಲ್‌ನಿಂದ ಸಣ್ಣ ಗೆರೆ ಎಳೆದು ಪಕ್ಕದಲ್ಲಿ ತಾರೀಖು ಬರೆ. ಅಟ್ಟದ ಮೇಲಿಟ್ಟು ಕೆಲವು ವಾರ ಮರೆತುಬಿಡು. ಸೀಳು ಗೆರೆ ದಾಟಿದ್ದರೆ ಒಲೆಗೆ. ದಾಟದಿದ್ದರೆ ಬೆರಳ ಗೆಣ್ಣಿನಿಂದ ಬಡಿದು ನೋಡು. ಗಟ್ಟಿ ಬಟ್ಟಲು ಟಣ್ ಅನ್ನುತ್ತದೆ. ಒಳಗೆ ಕಾಣದ ಸೀಳಿದ್ದರೆ ದನಿ ಸತ್ತಿರುತ್ತದೆ.

ಈಗ ಆ ತಳ ತೂತಾದ ಮಾವಿನ ಬಟ್ಟಲಿಗೆ ಬರುತ್ತೇನೆ. ಅದು ನಿನ್ನ ಚೀಲದಲ್ಲೇ ಒಳ್ಳೆ ಮಾಲು. ಒಂದು ರದ್ದಿ ಹಲಗೆಯನ್ನು ದುಂಡಗೆ ಕಡೆದು, ಅದರಲ್ಲಿ ಬಟ್ಟಲಿನ ಬಾಯಿ ಬಿಗಿಯಾಗಿ ಕೂರುವಷ್ಟು ಕಚ್ಚು ತೆಗೆ. ಬಟ್ಟಲನ್ನು ಬೋರಲು ಮಾಡಿ ಅದಕ್ಕೆ ಕೂರಿಸು. ಸುತ್ತ ಟೇಪ್ ಬಿಗಿ. ತಳದ ಹರಕು ತೂತನ್ನು ನಿಧಾನವಾಗಿ ಅಗಲ ಮಾಡುತ್ತ ಹೋಗು, ಅಂಚು ಶುದ್ಧ ದುಂಡಾಗುವವರೆಗೆ. ಆಮೇಲೆ ಆ ಅಂಚಿನಲ್ಲಿ ಹೊರಗಿನಿಂದ 3-4 ಮಿಲಿಮೀಟರ್ ಆಳದ ಮೆಟ್ಟಿಲು ಇಳಿಸು. ಹೊಸ ತಳ ಆ ಮೆಟ್ಟಿಲ ಮೇಲೆ ಕೂರಬೇಕು.

ತಳಕ್ಕೆ ಮರ ಎಲ್ಲಿಂದ? ಅಂಗಡಿಗೆ ಹೋಗಬೇಡ. ನಮ್ಮ ಹಿತ್ತಲಲ್ಲಿ ಹಳೇ ಬಂಡಿಯ ಗಾಲಿ ಬಿದ್ದಿದೆ. ಕರಿಜಾಲಿ. ನೀನು ಹುಟ್ಟುವ ಮೊದಲೇ ಒಣಗಿ ಕೂತ ಮರ, ಹಸಿ ಮರದಂತೆ ಇನ್ನು ಕುಗ್ಗುವುದಿಲ್ಲ. ಚಾಣವನ್ನು ಮೊಂಡು ಮಾಡುತ್ತದೆ, ಅದೊಂದು ಕಾಟ. ಮಾವಿನ ತಿಳಿ ಬಣ್ಣದ ನಡುವೆ ಜಾಲಿಯ ಕೆಂಗಂದು ಚೆನ್ನಾಗಿ ಒಪ್ಪುತ್ತದೆ. ತಳಕ್ಕೆ ಕೂರಿಸುವ ಈ ಜಾಲಿಯ ಬಿಲ್ಲೆಯ ಎಳೆ ಬಟ್ಟಲಿನ ಎಳೆಯ ದಿಕ್ಕಿಗೇ ಇರಲಿ. ಅಡ್ಡ ಕೂರಿಸಿದರೆ ಮಳೆಗಾಲದಲ್ಲಿ ಬಟ್ಟಲು ಒಂದು ಕಡೆ ಎಳೆಯುತ್ತದೆ, ಬಿಲ್ಲೆ ಬಗ್ಗುವುದಿಲ್ಲ, ಅಂಟು ಬಿಡುತ್ತದೆ. ಬಿಲ್ಲೆ ಕೈಯಿಂದ ಒತ್ತಿದರೆ ಕೂರಬೇಕು. ಸುತ್ತಿಗೆಯಿಂದ ಬಡಿಯುವಷ್ಟು ಬಿಗಿ ಮಾಡಿದೆಯೋ, ಬಟ್ಟಲೇ ಸೀಳುತ್ತದೆ. ಫೆವಿಕಾಲ್ ತೆಳುವಾಗಿ ಹಚ್ಚಿ, ಲೇಥ್‌ನ ಇನ್ನೊಂದು ತುದಿಯಿಂದ ಒತ್ತಿ ಹಿಡಿಯುವ ಟೇಲ್‌ಸ್ಟಾಕ್‌ನಿಂದ ಒತ್ತಿ ಬಿಡು. ಮರುದಿನದವರೆಗೆ ತಿರುಗಿಸಬೇಡ.

ಅಂಚು ಚಕ್ಕೆ ಎದ್ದಿರುವ ಇನ್ನೆರಡು ಬಟ್ಟಲನ್ನು ಚಕ್ಕೆ ಎದ್ದ ಜಾಗ ಹೋಗುವವರೆಗೆ ಕಡೆದು ತಗ್ಗಿಸಿಬಿಡು. ಬಟ್ಟಲು ಹೋಗಿ ತಟ್ಟೆ ಆಗುತ್ತದೆ, ಅಷ್ಟೇ. ಮುರಿದ ಲಟ್ಟಣಿಗೆಯಿಂದ ಚಾಣಕ್ಕೆ ಹಿಡಿ, ಕಪಾಟಿನ ಬಾಗಿಲು ಎಳೆಯಲು ಗುಬುಟು, ಗೋಡೆಗೆ ಗೂಟ, ಚಿಕ್ಕವನಿಗೆ ಬುಗುರಿ. ಬುಗುರಿ ಮೊದಲು ಮಾಡು, ಇಲ್ಲಾಂದ್ರೆ ಅವನು ಬಿಡುವುದಿಲ್ಲ.

ನಿಂತುಹೋದ ಸೀಳನ್ನು ತುಂಬಬಹುದು. ಫೆವಿಕಾಲಿಗೆ ಮರದ ಹೊಟ್ಟು ಕಲಸಿ ಮೆತ್ತುವ ಚಾಳಿ ಬಿಡು. ಅದು ಎಣ್ಣೆ ಹೀರುವುದಿಲ್ಲ, ಪಾಲಿಶ್ ಆದ ಮೇಲೆ ಮಾಸಲು ಕಲೆಯಾಗಿ ಉಳಿಯುತ್ತದೆ. ಅರಾಲ್ಡೈಟ್ ಅಂಟಿಗೆ ನುಣ್ಣನೆಯ ಕಾಫಿ ಪುಡಿಯನ್ನೋ ಹಿತ್ತಾಳೆಯ ಪುಡಿಯನ್ನೋ ಕಲಸಿ ತುಂಬು. ಎದ್ದು ಕಾಣಲಿ ಬಿಡು. ನಿಮ್ಮಜ್ಜಿಯ ಕೌದಿಯಲ್ಲಿ ಇಳಕಲ್ ಸೀರೆಯ ಕೆಂಪು ಸೆರಗಿನ ತುಂಡು, ಅದರ ಮೇಲಿನ ಹೊಲಿಗೆ, ಎಲ್ಲ ಎದ್ದು ಕಾಣುತ್ತಿತ್ತಲ್ಲ, ಯಾರಾದರೂ ತೇಪೆ ಅಂದರಾ? ಅಗಲ ಸೀಳಿಗೆ ಡಮರುವಿನ ಆಕಾರದ ಕೀಲು ಕೂರಿಸು, ಎಳೆಗೆ ಅಡ್ಡಲಾಗಿ. ಸೀಳನ್ನು ಹಿಡಿದಿಡುವುದು ಕೀಲು. ತುಂಬಿದ ಪುಡಿ ಬರೀ ಜಾಗ ಮುಚ್ಚುತ್ತದೆ. ಇಂಥ ಬಟ್ಟಲಿನಲ್ಲಿ ಬಿಸಿ ಪಲ್ಯ ಬಡಿಸಬೇಡ. ಎಲೆ-ಅಡಿಕೆ, ಕೀಲಿಕೈ, ಚಿಲ್ಲರೆ ಇಡುವುದಕ್ಕೆ ಇರಲಿ.

ಗೇಣುದ್ದಕ್ಕೂ ಕಡಿಮೆಯ ಚೂರುಗಳನ್ನು ಎಸೆಯಬೇಡ. 12 ಚೂರು ಜೋಡಿಸಿ ಉಂಗುರ ಮಾಡು. ಪ್ರತಿ ಚೂರಿನ ಎರಡೂ ತುದಿಯನ್ನು 15 ಡಿಗ್ರಿ ಓರೆ ಕತ್ತರಿಸಿದರೆ ಸರಿಯಾಗಿ ದುಂಡು ಕೂಡುತ್ತದೆ. ಆದರೆ ಕಾಲು ಡಿಗ್ರಿ ತಪ್ಪಿದರೂ 24 ಕಡೆ ಸೇರಿ 6 ಡಿಗ್ರಿ ಆಗುತ್ತದೆ, ಕೊನೆಯ ಸಂದು ಬಾಯಿ ಬಿಟ್ಟು ನಿಲ್ಲುತ್ತದೆ. ಇಲ್ಲಿ ನಿನ್ನ ಕಾರ್ಖಾನೆಯ ಕೈ ನನ್ನ ಕೈಗಿಂತ ಮೇಲು. ಅಂಥ ಉಂಗುರ ಒಂದರ ಮೇಲೊಂದು ಏರಿಸಿದರೆ ಡಬ್ಬಿ, ಒಂದೇ ಇದ್ದರೆ ಗಡಿಯಾರದ ಚೌಕಟ್ಟು.

ಇನ್ನು ಮುಖ್ಯದ ಮಾತು. ಮುರಿದು ಜೋಡಿಸಿದ್ದು ಯಂತ್ರದ ಮೇಲೆ ಹೊಸದರಂತೆ ಇರುವುದಿಲ್ಲ. ವ್ಯಾಸವನ್ನು ಇಂಚಿನಲ್ಲಿ ಅಳೆದು ನಿಮಿಷದ ಸುತ್ತುಗಳಿಂದ ಗುಣಿಸಿದರೆ 6000 ದಿಂದ 9000 ಬರಬೇಕು ಅನ್ನುವುದು ಮರ ಕಡೆಯುವವರ ಲೆಕ್ಕ. ಅಂದರೆ 10 ಇಂಚಿನ ಬಟ್ಟಲಿಗೆ 600 ರಿಂದ 900 ಸುತ್ತು. ಜೋಡಿಸಿದ ಬಟ್ಟಲಿಗೆ ಆ 600 ಕೂಡ ಜಾಸ್ತಿಯೇ, ಅದಕ್ಕಿಂತ ಕೆಳಗೆ ಶುರು ಮಾಡು. ಯಂತ್ರ ಹಚ್ಚುವಾಗ ಬಟ್ಟಲಿನ ನೇರಕ್ಕೆ ನಿಲ್ಲಬೇಡ, ಪಕ್ಕಕ್ಕೆ ಸರಿ. ಕಣ್ಣಿಗಷ್ಟೇ ಕನ್ನಡಕ ಸಾಲದು, ಪೂರ್ತಿ ಮುಖ ಮುಚ್ಚುವ ಶೀಲ್ಡ್ ಹಾಕು. ಟಿಕ್ ಟಿಕ್ ಅಂತ ಸದ್ದು ಬಂದರೆ ಮೊದಲು ಬಂದ್ ಮಾಡು, ಆಮೇಲೆ ನೋಡು.

ಒಲೆಗೆ ಹೋಗುವ ಅರ್ಧದಲ್ಲೂ ಆರಿಸು. ಬರೀ ಮರ ಇದ್ದರೆ ಒಲೆಗೆ ಸರಿ. ಅಂಟು, ಬಣ್ಣ ಹತ್ತಿದ್ದನ್ನು ಅಡುಗೆ ಒಲೆಗೆ ಹಾಕಿ ನಮ್ಮಕ್ಕನ ಕೈಲಿ ಬೈಸಿಕೊಳ್ಳಬೇಡ. ಆ ಹೊಗೆ ಕೆಟ್ಟದ್ದು.

ಬನದ ಹುಣ್ಣಿಮೆಗೆ ಬನಶಂಕರಿ ಜಾತ್ರೆಗೆ ಬರುತ್ತೀಯಲ್ಲ, ನಾಟಕ ನೋಡುವುದು ರಾತ್ರಿ ಇದ್ದೇ ಇದೆ. ಹಗಲು ಬಾಗಿಲು, ಚೌಕಟ್ಟು, ಮಂಚ, ತೊಟ್ಟಿಲು ಮಾರುವ ಸಾಲಿನಲ್ಲಿ ಒಂದು ಸುತ್ತು ಹಾಕು. ನಿನ್ನ ಬಟ್ಟಲುಗಳನ್ನೂ ಅಲ್ಲಿ ಮಾರಬೇಕು ಅನ್ನಿಸಿದರೆ ಮಾರು, ನನ್ನದೇನೂ ಅಡ್ಡಿಯಿಲ್ಲ. ಆದರೆ ಜೋಡಿಸಿದ್ದು ಅಂತ ಹೇಳಿ ಮಾರು. ತಳ ತೋರಿಸಿ, ಇದು ಬಂಡಿ ಗಾಲಿಯ ಜಾಲಿ ಅಂದರೆ ಇನ್ನೂ ಹತ್ತು ರೂಪಾಯಿ ಜಾಸ್ತಿ ಕೊಡುವವರೂ ಇದ್ದಾರೆ.

ಒಂದನ್ನು ಮಾತ್ರ ಮಾರಲೂ ಬೇಡ, ಮನೆಯಲ್ಲಿ ಬಳಸಲೂ ಬೇಡ. ಫೋಟೋದ ಮೂಲೆಯಲ್ಲಿ ಅಂಟಿಸಿಟ್ಟ ತೊಟ್ಟಿಲ ಕಾಲು ಕಾಣುತ್ತಿದೆ. ಎಷ್ಟೇ ಚೆಂದ ಕೂಡಿರಲಿ, ಭಾರ ಹೊರುವ ಕಡೆ ಜೋಡಿಸಿದ ಮರ ನಡೆಯುವುದಿಲ್ಲ. ತೊಟ್ಟಿಲು, ಮಂಚ, ಏಣಿ, ಸ್ಟೂಲು ಯಾವುದಕ್ಕೂ. ಮೇಲೆ ಹಾಕಿರುವ ಅರಗಿನ ಬಣ್ಣ ಚೆನ್ನಾಗಿದೆ. ಕೂಡಿದ ಜಾಗ ಬಿಟ್ಟು ಎರಡೂ ಕಡೆ ಕತ್ತರಿಸಿ ಗೂಟ ಮಾಡಿಕೋ, ತೊಟ್ಟಿಲಿಗೆ ಹೊಸ ಸಾಗವಾನಿ ಕಾಲು ನಾನೇ ಕಡೆದು ಕೊಡುತ್ತೇನೆ. ಉದ್ದ, ದಪ್ಪ ಅಳೆದು ಬರೆದು ಕಳಿಸು.

ಇಂತಿ ನಿನ್ನ
ಸೋದರಮಾವ